ಅರ್ಧ ಬಟ್ಟಲು ಐಸ್‌ಕ್ರೀಮ್

ಮೂಳೆ ಡಾಕ್ಟರು ಹೇಳಿದ್ದರಲ್ಲಿ ಗೊಂದಲವೇನೂ ಇರಲಿಲ್ಲ. ಉಲ್ಬೋಸಿನ್‌ಳ ಬಲ ಮಂಡಿ ಪೂರ್ತಿ ಸವೆದಿದೆ, ಹೊಸ ಕೀಲು ಹಾಕಬೇಕು. ಸರ್ಕಾರಿ ಖರ್ಚಿನ ಸರದಿಯಲ್ಲಿ ಅವಳ ಹೆಸರು ಮೇಲಕ್ಕೆ ಬಂದಿದೆ, ನವೆಂಬರಿನಲ್ಲಿ ಆಪರೇಷನ್ ಆಗಬಹುದು. ಆದರೆ ನೂರ ಎರಡು ಕಿಲೋ ತೂಕದ ಮೈಗೆ ತಾವು ಕತ್ತರಿ ಹಾಕುವುದಿಲ್ಲ. ಸೆಪ್ಟೆಂಬರ್ ಮಧ್ಯದ ತಪಾಸಣೆಯ ಹೊತ್ತಿಗೆ ತೂಕ ತೊಂಬತ್ತೈದರೊಳಗೆ ಬಂದಿರಬೇಕು. ಬಾರದಿದ್ದರೆ ಸರದಿ ಮುಂದಿನವರಿಗೆ. ಇವರ ಹೆಸರು ಸಾಲಿನ ಕೊನೆಗೆ.

"ಕೊನೆ ಅಂದ್ರೆ ಎಷ್ಟು ಕಾಯ್ಬೇಕಾಗುತ್ತೆ?" ಎಂದು ಸೊಸೆ ಗೌಹಾರ್ ಕೇಳಿದಳು.

"ಒಂದು ವರ್ಷ. ಒಂದೂವರೇನೂ ಆಗಬಹುದು."

ಅಂದರೆ ಇನ್ನೊಂದು ಚಳಿಗಾಲ. ಹೋದ ಚಳಿಗಾಲದಲ್ಲಿ ಶಿಮ್‌ಕೆಂತ್ ನಗರದ ಬೀದಿಗಳ ಮೇಲೆ ಮಂಜು ಗಟ್ಟಿಯಾದಾಗಿನಿಂದ ಅದು ಕರಗುವವರೆಗೆ ಉಲ್ಬೋಸಿನ್ ಹೊಸ್ತಿಲು ದಾಟಿರಲಿಲ್ಲ. ಮೂವತ್ತು ವರ್ಷ ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೂತು ಊರಿಗೆಲ್ಲ ಉತ್ತರ ಕೊಟ್ಟವಳು, ಆ ನಾಲ್ಕು ತಿಂಗಳು ಕಿಟಕಿಯ ಗಾಜಿಗೆ ಮೂಗು ಹಚ್ಚಿ, ಹೋಗಿಬರುವವರಿಗೆ ಕೈ ಬೀಸುತ್ತ ಕೂತಿದ್ದಳು.

ಬಸ್ಸಿನಲ್ಲಿ ಮನೆಗೆ ಬಂದು ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಕೂತ ಮೇಲೆ ಉಲ್ಬೋಸಿನ್ ಹೇಳಿದ್ದು ಒಂದೇ ಮಾತು.

"ಏಳು ಕಿಲೋ ತಾನೆ? ಇಳಿಸೋಣ. ಈಗ ಫ್ರೀಜರಿಂದ ಒಂದು ಐಸ್‌ಕ್ರೀಮ್ ತಗೊಂಡ್ಬಾ, ಬಾಯಿ ಒಣಗಿದೆ."

ಗೌಹಾರ್ ಫ್ರೀಜರ್ ತೆರೆದಳು. ಪ್ರತಿ ಬೇಸಿಗೆಯಂತೆ ಈ ಬೇಸಿಗೆಗೂ ಡಬ್ಬಿಗಟ್ಟಲೆ ತುಂಬಿಸಿಟ್ಟ ಪ್ಲೊಂಬೀರ್ ಅಲ್ಲಿತ್ತು. ಗಟ್ಟಿ ಕೆನೆಯ, ಬಿಳಿಯ, ಹಳೆಯ ಕಾಲದ ಐಸ್‌ಕ್ರೀಮ್. ಅತ್ತೆಗೆ ಬೇರೆ ಯಾವುದೂ ಹಿಡಿಸುತ್ತಿರಲಿಲ್ಲ. ಗೌಹಾರ್ ಒಂದೇ ಒಂದನ್ನು ತೆಗೆಯುವ ಬದಲು ಎಲ್ಲವನ್ನೂ ಬುಟ್ಟಿಗೆ ತುಂಬಿ, ಗೇಟಿನ ಹೊರಗೆ ಆಡುತ್ತಿದ್ದ ಮಕ್ಕಳಿಗೆ ಹಂಚಿ ಬಂದಳು.

ಉಲ್ಬೋಸಿನ್ ಕೂತಲ್ಲಿಂದಲೇ ಎಲ್ಲ ನೋಡಿದಳು.

"ನನ್ನ ಮಂಡಿ ಮುರಿದದ್ದು ಐಸ್‌ಕ್ರೀಮಾ?"

"ಅಲ್ಲ ಅತ್ತೆ. ಆದ್ರೆ ತೂಕ ಏರಿಸಿದ್ದು ಅದೇ."

"ಭೂಗೋಳ ಪಾಠ ಮಾಡೋಳು ನೀನು. ಹೊಟ್ಟೆಯ ನಕಾಶೆ ಯಾವಾಗ ಕಲಿತೆ?"

ಗೌಹಾರ್ ಹೈಸ್ಕೂಲಿನಲ್ಲಿ ಭೂಗೋಳದ ಟೀಚರು. ಬೇಸಿಗೆ ರಜೆ ಶುರುವಾಗಿ ವಾರವಾಗಿತ್ತು. ಮೂರು ತಿಂಗಳು ಮನೆಯಲ್ಲೇ ಇರುತ್ತೇನೆ, ಅತ್ತೆಯ ಊಟ ನನ್ನ ಜವಾಬ್ದಾರಿ ಎಂದು ಗಂಡ ಸಾಕೆನ್‌ಗೆ ಅವಳೇ ಮಾತು ಕೊಟ್ಟಿದ್ದಳು. ಸಾಕೆನ್‌ಗೆ ಏರ್ ಕಂಡೀಷನರ್ ರಿಪೇರಿ ಕೆಲಸ. ನಲವತ್ತು ಡಿಗ್ರಿ ಬಿಸಿಲಿನ ಆ ತಿಂಗಳುಗಳಲ್ಲಿ ಅವನಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಅಮ್ಮ ಮತ್ತು ಹೆಂಡತಿಯ ನಡುವೆ ಮಾತಿಗೆ ಮಾತು ಬೆಳೆದಾಗ ಅವನ ಫೋನು ತಪ್ಪದೆ ಬಡಿದುಕೊಳ್ಳುತ್ತಿತ್ತು.

ಮೊದಲ ವಾರಗಳು ಕಟ್ಟುನಿಟ್ಟಾಗಿ ನಡೆದವು. ಬೆಳಿಗ್ಗೆ ಓಟ್ಸು, ಮಧ್ಯಾಹ್ನ ಬೇಯಿಸಿದ ಕೋಳಿ ಮತ್ತು ಸೌತೆ, ರಾತ್ರಿ ಸೂಪು. ಹದಿಮೂರು ವರ್ಷದ ಮಗಳು ಇಂಜು ಫೋನಿನಲ್ಲಿ ಹುಡುಕಿ ಹುಡುಕಿ, ಸಕ್ಕರೆಯಿಲ್ಲದ ಮೊಸರಿಗೆ ಏಪ್ರಿಕಾಟ್ ಅರೆದು ಸೇರಿಸಿ ಹೆಪ್ಪುಗಟ್ಟಿಸಿದಳು. ಅಜ್ಜಿಯ ಮುಂದೆ ಹೆಮ್ಮೆಯಿಂದ ಇಟ್ಟಳು.

ಅಜ್ಜಿ ಒಂದು ಚಮಚ ತಿಂದು, ಇನ್ನೊಂದು ತಿಂದು, ಚಮಚ ಕೆಳಗಿಟ್ಟಳು.

"ಚೆನ್ನಾಗಿಲ್ವಾ ಅಜ್ಜಿ?"

"ಚೆನ್ನಾಗಿದೆ ಕಂದಾ. ಆದ್ರೆ ಇದು ಐಸ್‌ಕ್ರೀಮಲ್ಲ. ಜನವರಿಯಲ್ಲಿ ಯಾರೋ ಹೊರಗಡೆ ಮರೆತುಬಿಟ್ಟ ಮೊಸರು."

ಬಾಳೆಹಣ್ಣು ಹೆಪ್ಪುಗಟ್ಟಿಸಿ ಅರೆದದ್ದು ಅದಕ್ಕಿಂತ ಬೇಗ ಸೋತಿತು. ಕಲ್ಲಂಗಡಿಯ ರಸವನ್ನು ಕಡ್ಡಿಗೆ ಗಟ್ಟಿ ಮಾಡಿ ಕೊಟ್ಟಾಗ, ಅದನ್ನು ಮಂಡಿಯ ಮೇಲಿಟ್ಟುಕೊಂಡು, "ಇದಕ್ಕೆ ಒಳ್ಳೇದು, ಊತ ಇಳಿಯುತ್ತೆ," ಎಂದಳು.

ಪ್ರತಿ ಶುಕ್ರವಾರ ಬೆಳಿಗ್ಗೆ ತೂಕ ನೋಡುವುದು ಗೌಹಾರ್ ಮಾಡಿದ ನಿಯಮ. ನಾಲ್ಕು ಶುಕ್ರವಾರ ಕಳೆದರೂ ಮುಳ್ಳು ನೂರ ಒಂದೂವರೆಯ ಕೆಳಗೆ ಬರಲಿಲ್ಲ. ಯಂತ್ರ ಕೆಟ್ಟಿದೆ ಎಂದು ಉಲ್ಬೋಸಿನ್ ವಾದಿಸಿದಳು. ಗೌಹಾರ್ ಹತ್ತು ಕಿಲೋ ಹಿಟ್ಟಿನ ಚೀಲ ತಂದು ಅದರ ಮೇಲಿಟ್ಟಳು. ಮುಳ್ಳು ಹತ್ತಕ್ಕೆ ಹೋಗಿ ನಿಂತಿತು.

"ಹಿಟ್ಟನ್ನ ಸರಿಯಾಗೇ ತೂಗುತ್ತೆ," ಎಂದಳು ಅತ್ತೆ. "ಮನುಷ್ಯರನ್ನ ತೂಗೋಕೆ ಬರಲ್ಲ."

ಜುಲೈ ಮೊದಲ ವಾರ ಹಾಸಿಗೆಯ ರಜಾಯಿಗಳನ್ನು ಬಿಸಿಲಿಗೆ ಹಾಕಲು ಬಿಡಿಸುವಾಗ, ಮಡಿಕೆಯೊಳಗಿಂದ ಪ್ಲೊಂಬೀರ್ ಸುತ್ತಿಬರುವ ಬೆಳ್ಳಿ ಬಣ್ಣದ ಕಾಗದಗಳು ಉದುರಿದವು. ಮೂರು.

"ಅತ್ತೆ, ಇದೇನು?"

"ಕಾಗದ."

"ಯಾವುದರ ಕಾಗದ?"

"ಓದೋಕೆ ಬರುತ್ತಲ್ಲ ನಿನಗೆ, ಟೀಚರಮ್ಮ."

ಗೌಹಾರ್‌ಗೆ ಸಿಟ್ಟು ನೆತ್ತಿಗೇರಿತು. "ನಾನು ಯಾರಿಗೋಸ್ಕರ ಈ ಸೆಕೆಯಲ್ಲಿ ಒಲೆ ಮುಂದೆ ನಿಂತ್ಕೊಂಡು ಬೇಯ್ತಾ ಇದೀನಿ? ನಿಮಗೆ ನಡೆಯೋದು ಬೇಡ್ವಾ?"

"ಮೂರು ಐಸ್‌ಕ್ರೀಮ್. ಒಂದು ತಿಂಗಳಲ್ಲಿ ಮೂರು! ಮೊದಲು ದಿನಕ್ಕೆ ಎರಡು ತಿಂತಿದ್ದೆ. ಲೆಕ್ಕ ಹಾಕು. ಏನು ಇಳೀಬೇಕಿತ್ತು, ಏನು ಇಳಿದಿದೆ? ತಪ್ಪು ನಂದೊಂದೇನಾ?"

"ಕದ್ದು ತಿಂದಿದ್ದು ನೀವು."

"ನನ್ನ ಮನೇಲಿ ನಾನು ಕದಿಯೋದು ಅಂದ್ರೇನೇ!" ಉಲ್ಬೋಸಿನ್ ಗೋಡೆ ಹಿಡಿದು ಎದ್ದು ನಿಂತಳು. ಮಂಡಿ ಕೈಕೊಟ್ಟಿತು, ಗೌಹಾರ್ ಓಡಿ ಹಿಡಿದುಕೊಂಡಳು. ಇಬ್ಬರೂ ಹಾಗೇ ಒಂದಿಷ್ಟು ಹೊತ್ತು, ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು.

ಅದೇ ಶನಿವಾರ ತುರ್ಕಿಸ್ತಾನ್ ಊರಿನಿಂದ ಸಾಕೆನ್‌ನ ಅಕ್ಕ ಬಾಲ್ಜಾನ್ ಬಂದಳು. ಯಾರದೋ ಮದುವೆಯಿಂದ ನೇರವಾಗಿ ಬಂದಿದ್ದಳು, ಕೈಯಲ್ಲಿ ಎರಡು ದೊಡ್ಡ ಚೀಲ. ಔತಣದ ಮನೆಯಿಂದ ಹೊರಟವರು ಬರಿಗೈಯಲ್ಲಿ ಹೊರಡುವಂತಿಲ್ಲ. ಅಲ್ಲಿಗೆ ಬರಲಾಗದ ಹಿರಿಯರಿಗೂ ಮಕ್ಕಳಿಗೂ ಒಂದು ಪಾಲು ಕಟ್ಟಿಕೊಡುತ್ತಾರೆ, ಅದಕ್ಕೆ ಸಾರ್ಕಿತ್ ಎನ್ನುತ್ತಾರೆ. ಬಾಲ್ಜಾನ್ ಚೀಲ ಬಿಚ್ಚಿ ಊಟದ ಹಾಸಿನ ಮೇಲೆ ಸುರಿದಳು. ಕರಿದ ಬಾವುರ್ಸಾಕ್ ಉಂಡೆಗಳು, ಕುದುರೆ ಮಾಂಸದ ಕಾಝಿ, ಜೇನಿನಲ್ಲಿ ಅದ್ದಿದ ಚಕ್‌ಚಕ್ ಸಿಹಿ, ಬಣ್ಣದ ಕಾಗದದ ಚಾಕಲೇಟು.

"ಅಮ್ಮ, ಬಾಯಿಗೆ ಮುಟ್ಟಿಸು. ವಧುವಿನ ಕಡೆಯವರು ನಿನ್ನ ಹೆಸರು ಹೇಳಿ ಕೊಟ್ಟಿದ್ದು."

ಉಲ್ಬೋಸಿನ್ ಬಾಯಿಗೆ ಮುಟ್ಟಿಸಿದಳು. ಎಲ್ಲ ಬಗೆಯದೂ ಒಂದೊಂದು ತೆಗೆದುಕೊಂಡು, ಮದುಮಕ್ಕಳಿಗೆ ಹರಸಿದಳು. ಚಹಾ ಸುರಿದುಕೊಡುತ್ತ ಗೌಹಾರ್ ಕೂಡ ಒಂದೆರಡು ಬಾಯಿಗೆ ಹಾಕಿಕೊಂಡಳು.

ರಾತ್ರಿಯ ಸೂಪು ಕಂಡಾಗ ಬಾಲ್ಜಾನ್‌ಳ ಹುಬ್ಬು ಮೇಲೇರಿತು.

"ಇದೇನಾ ಊಟ? ಮೂರು ತುಂಡು ಕ್ಯಾರೆಟ್ಟು ಈಜಾಡ್ತಾ ಇವೆ."

"ಡಾಕ್ಟರು ಹೇಳಿದ ಪಥ್ಯ, ಅತ್ತಿಗೆ."

"ಡಾಕ್ಟರು ತೂಕ ಇಳಿಸು ಅಂದಿದ್ದಾರೆ, ನಮ್ಮಮ್ಮನ್ನ ಉಪವಾಸ ಕೆಡವು ಅಂದಿಲ್ಲ. ನೆಂಟರೆಲ್ಲ ಕೇಳ್ತಿದಾರೆ, ಸೊಸೆ ಫ್ರೀಜರಿಗೆ ಬೀಗ ಹಾಕಿದ್ದಾಳಂತೆ ಹೌದಾ ಅಂತ. ನಾನೇನು ಉತ್ತರ ಕೊಡ್ಲಿ?"

"ಬೀಗ ಹಾಕಿಲ್ಲ," ಎಂದು ಸೂಪಿನ ಬಟ್ಟಲಿನ ಹಿಂದಿನಿಂದ ಇಂಜು ಹೇಳಿದಳು. "ಖಾಲಿ ಮಾಡಿದಾರೆ ಅಷ್ಟೆ."

ಸಾಕೆನ್‌ನ ಫೋನು ಬಡಿದುಕೊಂಡಿತು. ಅವನು ಎದ್ದು ಅಂಗಳಕ್ಕೆ ಹೋದ.

ಗೌಹಾರ್ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಅತ್ತೆ ಒಂದು ಮಾತು ತನ್ನ ಪರವಾಗಿ ಆಡಬಹುದು ಎಂದು ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಅತ್ತೆ ಆಡಲಿಲ್ಲ.

ಮುಂದಿನ ಮಂಗಳವಾರ ಉಲ್ಬೋಸಿನ್‌ಗೆ ಮೂರು ಮನೆಗೆ ಹೋಗುವುದಿತ್ತು. ಪಕ್ಕದ ಬೀದಿಯ ರಾಬಿಗಾಳ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕಿದ್ದರು. ಹಳೆಯ ಸಹೋದ್ಯೋಗಿಯೊಬ್ಬಳ ಮಗ ಸೈನ್ಯದ ಸೇವೆ ಮುಗಿಸಿ ಬಂದಿದ್ದ. ದೂರದ ಸಂಬಂಧಿಕರೊಬ್ಬರು ಹೊಸ ಮನೆ ಕಟ್ಟಿಸಿದ್ದರು. ಬೀದಿಯ ಹಿರಿಯಳು ಬಂದು ಹರಸದೆ ಇಂಥವು ಪೂರ್ತಿಯಾಗುವುದಿಲ್ಲ. ಯಾವಾಗಲೂ ಕಾರಿನಲ್ಲಿ ಕರೆದೊಯ್ಯುತ್ತಿದ್ದ ಸಾಕೆನ್‌ಗೆ ಅಂದು ಆಸ್ಪತ್ರೆಯೊಂದರ ಏಸಿ ರಿಪೇರಿ ಬಂದಿತ್ತು. ಹಾಗಾಗಿ ಗೌಹಾರ್ ಟ್ಯಾಕ್ಸಿ ಹಿಡಿದು ಜೊತೆಗೆ ಹೋದಳು.

ರಾಬಿಗಾಳ ಮನೆಯಲ್ಲಿ ಅವಸರವಾಗಿ ಎದ್ದರು. ಆದರೆ ಹಾಸಿನ ಮೇಲಿಟ್ಟದ್ದನ್ನು ರುಚಿಯಾದರೂ ನೋಡದೆ ಅತಿಥಿ ಹೊರಡುವಂತಿಲ್ಲ. ರಾಬಿಗಾ ಹಾಸಿನ ಕಡೆ ಕೈ ತೋರಿಸಿ, "ಅಯ್ಯೋ, ಹಾಗೇ ಹೊರಡ್ತೀರಾ ಅಕ್ಕ? ಬಾಯಿಗೆ ಮುಟ್ಟಿಸಿ," ಎಂದಳು. ಬೆಣ್ಣೆ ಸವರಿದ ರೊಟ್ಟಿ, ಎರಡು ಬಾವುರ್ಸಾಕ್, ಜಾಮು, ಹಾಲಿನ ಚಹಾ. ಸೈನಿಕನ ಮನೆಯಲ್ಲಿ ಪಲಾವಿನ ತಾಟು ಆಗಷ್ಟೇ ಇಳಿದಿತ್ತು. ಅದು ಇಳಿದಾಗ ಒಳಗಿದ್ದವರು ಮುಟ್ಟದೆ ಹೋದರೆ ಹುಡುಗನಿಗೆ ಒಳ್ಳೆಯದಲ್ಲ. ನಾಲ್ಕು ತುತ್ತು, ಜೊತೆಗೆ ಮಾಂಸ ತುಂಬಿದ ಬಿಸಿ ಸಂಸಾ ಒಂದು. ಹೊಸ ಮನೆಯವರು ಮೇಜಿನ ಮೇಲೆ ಮೂರಂತಸ್ತಿನ ಕೇಕು ಇಟ್ಟಿದ್ದರು, ಅದನ್ನು ಉಲ್ಬೋಸಿನ್‌ಳ ಕೈಯಲ್ಲೇ ಕೊಯ್ಯಿಸಿದರು. ಕೊಯ್ದವಳು ತಿನ್ನದಿದ್ದರೆ ಹೇಗೆ?

ಮನೆ ಸೇರಿದಾಗ ಸಂಜೆಯಾಗಿತ್ತು. ಉಲ್ಬೋಸಿನ್ ಚಪ್ಪರದ ಕೆಳಗೆ ಕೂತು, ಊರುಗೋಲು ಪಕ್ಕಕ್ಕಿಟ್ಟು, ನಿಟ್ಟುಸಿರುಬಿಟ್ಟಳು.

"ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ ಮಗಳೇ. ಆ ಸೂಪಾದರೂ ಕೊಡು."

ಅಷ್ಟರಲ್ಲಿ ಸಾಕೆನ್ ಫೋನ್ ಮಾಡಿದ, ಊಟವಾಯಿತೇ ಎಂದು ಕೇಳಿದ.

"ಎಲ್ಲಿ ಊಟ?" ಎಂದಳು ಗೌಹಾರ್. "ನಾವಿಬ್ಬರೂ ಬೆಳಿಗ್ಗೆಯಿಂದ ಏನೂ ತಿಂದೇ ಇಲ್..."

ಮಾತು ಅಲ್ಲಿಗೇ ನಿಂತಿತು. ಆಮೇಲೆ ಮಾಡುತ್ತೇನೆ ಎಂದು ಫೋನಿಟ್ಟಳು.

"ಅತ್ತೆ, ರಾಬಿಗಾ ಅಕ್ಕನ ಮನೇಲಿ ಏನು ತಿಂದ್ರಿ?"

"ಅಲ್ಲೇನು ತಿಂದೆ? ಬಾಯಿಗೆ ಮುಟ್ಟಿಸಿದೆ."

"ಆಮೇಲೆ?"

"ಆಮೇಲೂ ಬಾಯಿಗೆ ಮುಟ್ಟಿಸಿದೆ. ನೀನೂ ಪಕ್ಕದಲ್ಲೇ ಇದ್ದೆಯಲ್ಲ, ನೀನೇನು ತಿಂದೆ?"

"ನಾನೂ ಏನೂ ತಿಂದಿಲ್ಲ. ಅದೇ ಹೇಳ್ತಿರೋದು. ರೊಟ್ಟಿ, ಬೆಣ್ಣೆ, ಬಾವುರ್ಸಾಕ್, ಪಲಾವು, ಸಂಸಾ, ಕೇಕು. ಇಷ್ಟನ್ನೂ ತಿಂದು, ಏನೂ ತಿಂದಿಲ್ಲ ಅಂತ ನಾನೇ ಈಗ ಗಂಡನಿಗೆ ಹೇಳ್ತಿದ್ದೆ. ಸುಳ್ಳು ಅಂತ ನನಗೇ ಅನ್ನಿಸಲಿಲ್ಲ."

ಇಂಜು ಒಳಗಿನಿಂದ ಫೋನು ಹಿಡಿದುಕೊಂಡೇ ಬಂದಳು. ಒಂದೊಂದನ್ನೇ ಕೇಳಿ ಕೇಳಿ ಒತ್ತಿದಳು. ನಂತರ ಅಜ್ಜಿಯನ್ನು ಬೆರಗಿನಿಂದ ನೋಡಿದಳು.

"ಅಜ್ಜಿ, ಏನೂ ತಿನ್ನದೇ ಇಡೀ ದಿನದ ಊಟ ಮುಗಿಸಿದ್ದೀರ. ಇನ್ನೂ ಸೂಪು ಬಾಕಿ ಇದೆ."

ಉಲ್ಬೋಸಿನ್ ನಗಲಿಲ್ಲ. ವಾರಕ್ಕೆ ನಾಲ್ಕು ದಿನವಾದರೂ ಯಾರಾದರೂ ಕರೆಯುತ್ತಿದ್ದರು. ಕರೆಯದ ದಿನ ಯಾರಾದರೂ ಸಾರ್ಕಿತ್ ತರುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಗೌಹಾರ್‌ಗೂ ಗೊತ್ತಿತ್ತು. ಐದು ವಾರ ಇಬ್ಬರೂ ಐಸ್‌ಕ್ರೀಮಿನ ಮೇಲೆ ಜಗಳವಾಡಿದ್ದರೇ ಹೊರತು ಅದನ್ನು ಊಟವೆಂದು ಒಬ್ಬರೂ ಎಣಿಸಿರಲಿಲ್ಲ.

"ಹಾಗಾದ್ರೆ ಏನ್ಮಾಡ್ಬೇಕು ಅಂತೀಯ?" ಎಂದು ಕೊನೆಗೆ ಕೇಳಿದಳು. ದನಿ ಗಡುಸಾಗಿತ್ತು. "ಮುಟ್ಟಿಸಿ ಅಂದಾಗ ಕೈ ಆಡಿಸಿ ಬೇಡ ಅನ್ನಲಾ? ರೊಟ್ಟಿಗೆ ಬೆನ್ನು ಹಾಕಿ ಎದ್ದು ಬರಲಾ? ಅದಕ್ಕಿಂತ ಕುಂಟಿಕೊಂಡೇ ಸಾಯ್ತೀನಿ."

"ಬೇಡ ಅನ್ನಿ ಅಂತ ನಾನೂ ಹೇಳಲ್ಲ."

"ಮತ್ತೆ?"

ಗೌಹಾರ್ ಒಲೆಯ ಮೇಲಿದ್ದ ಸೂಪನ್ನು ಫ್ರಿಜ್ಜಿನಲ್ಲಿಡಲು ಎದ್ದಳು. ಉಲ್ಬೋಸಿನ್ ತನ್ನಷ್ಟಕ್ಕೇ ಮಾತು ಮುಂದುವರಿಸಿದಳು.

"ನಮ್ಮಮ್ಮ ಹೇಳೋಳು. ಯುದ್ಧ ಮುಗಿದ ಹೊಸದರಲ್ಲಿ ಯಾರ ಮನೆಗೆ ಹೋದ್ರೂ ಬಾಯಿಗೆ ಮುಟ್ಟಿಸಿ ಅನ್ನೋರಂತೆ. ಇರ್ತಾ ಇದ್ದಿದ್ದು ಒಂದೇ ರೊಟ್ಟಿ. ಹೋದವಳು ಇಷ್ಟೇ ಇಷ್ಟು," ಎಂದು ಹೆಬ್ಬೆರಳ ಉಗುರು ತೋರಿಸಿದಳು, "ಚಿವುಟಿ ಬಾಯಿಗೆ ಹಾಕ್ಕೊಂಡು ಹರಸಿ ಬರೋಳಂತೆ. ಹೆಚ್ಚು ಮುರಿದ್ರೆ ಆ ಮನೆಯ ಮಕ್ಕಳ ಪಾಲು ಹೋಯ್ತು. ಯಾರೂ ಕಡಿಮೆ ತಿಂದೆ ಅಂತ ಬೇಜಾರು ಮಾಡ್ಕೊಳ್ತಿರಲಿಲ್ಲ." ಹೆಬ್ಬೆರಳನ್ನು ಇನ್ನೂ ಎತ್ತಿಯೇ ಹಿಡಿದಿದ್ದಳು. "ಪದ್ಧತಿ ಅಂದ್ರೆ ಆ ಚಿವುಟಿದ್ದು. ಉಳಿದಿದ್ದೆಲ್ಲ ಈಚೆಗೆ ಸೇರಿದ್ದು."

"ಅಷ್ಟೇ ಸಾಕಾಗುತ್ತಾ ಅತ್ತೆ?"

"ರೊಟ್ಟಿಗೆ ಸಾಕು. ಜನಕ್ಕೆ ಸಾಕಾ ಅನ್ನೋದನ್ನ ನಾನು ನೋಡ್ಕೋತೀನಿ." ಆಮೇಲೆ ಟಿಕೆಟ್ ಕೌಂಟರಿನ ಹಳೆಯ ದನಿ ಬಂತು. "ಆದ್ರೆ ಒಂದು ಷರತ್ತು. ಊರಿನ ಬೆಣ್ಣೆ, ಕೇಕು, ಚಾಕಲೇಟು ಎಲ್ಲ ಬಿಡ್ತೀನಿ. ನನ್ನ ಐಸ್‌ಕ್ರೀಮ್ ವಾಪಸು ಕೊಡು. ಮೊಸರಲ್ಲ, ಬಾಳೆಹಣ್ಣಲ್ಲ. ಪ್ಲೊಂಬೀರ್. ಇಡೀ ದಿನ ಒಂದು ಇಷ್ಟದ್ದು ಬರುತ್ತೆ ಅಂತ ಗೊತ್ತಿದ್ರೆ ಇಷ್ಟವಿಲ್ಲದ್ದನ್ನೆಲ್ಲ ನುಂಗಬಹುದು."

ಅತ್ತೆ ಸೊಸೆ ಅವತ್ತು ದೀಪ ಹಚ್ಚುವವರೆಗೂ ಚೌಕಾಸಿ ಮಾಡಿದರು. ಅತ್ತೆ ದಿನಕ್ಕೊಂದು ಪೂರ್ತಿ ಎಂದಳು, ಸೊಸೆ ವಾರಕ್ಕೊಂದು ಎಂದಳು. ಇಂಜು ಫೋನಿನಲ್ಲಿ ಅಂಕಿ ಹುಡುಕಿ ಲೆಕ್ಕ ಹೇಳಿದಳು. ಪ್ಲೊಂಬೀರ್ ಹಗುರದ ತಿಂಡಿಯೇನಲ್ಲ, ನೂರು ಗ್ರಾಮಿಗೆ ಇನ್ನೂರ ಮೂವತ್ತರ ಹತ್ತಿರ ಕ್ಯಾಲೊರಿ. ಆದರೆ ಸಂಜೆ ಚಹಾದ ಜೊತೆ ಹೋಗುತ್ತಿದ್ದ ಮೂರು ಬಾವುರ್ಸಾಕ್, ಜಾಮು, ಸಕ್ಕರೆ ಸೇರಿದರೆ ಅದಕ್ಕಿಂತ ಹೆಚ್ಚು. ಕೊನೆಗೆ ಒಪ್ಪಂದವಾದದ್ದು ಹೀಗೆ: ಪ್ರತಿದಿನ, ಐದು ಗಂಟೆಯ ಚಹಾದ ಹೊತ್ತಿಗೆ, ಬೇರೆಲ್ಲ ಸಿಹಿಯ ಬದಲಿಗೆ, ಎಂಬತ್ತು ಗ್ರಾಮ್. ಚಹಾಕ್ಕೆ ಸಕ್ಕರೆಯಿಲ್ಲ.

ಮರುದಿನ ಗೌಹಾರ್ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಚಪ್ಪಟೆ ತಟ್ಟೆಯಲ್ಲಿ ಚಮಚವಿಟ್ಟು ತಂದಳು. ಉಲ್ಬೋಸಿನ್ ತಟ್ಟೆಯನ್ನು ನೋಡಿದಳು, ಸೊಸೆಯನ್ನು ನೋಡಿದಳು.

"ಇದು ಬೆಕ್ಕಿಗಾ?"

"ತೂಗಿದ್ದೀನಿ ಅತ್ತೆ, ಸರಿಯಾಗಿ ಎಂಬತ್ತಿದೆ."

"ಗೊತ್ತು. ತೂಗಿದ ಹಾಗೆ ಕಾಣ್ತಾನೂ ಇದೆ. ಜೈಲಲ್ಲಿ ಹೀಗೇ ಕೊಡೋದು."

ಗೌಹಾರ್ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮದುವೆಯಾಗಿ ಬಂದ ಮೊದಲ ದಿನವೇ ಈ ಮನೆಯಲ್ಲಿ ಅವಳಿಗೆ ಕಲಿಸಿದ ಪಾಠ ಚಹಾ ಸುರಿಯುವುದು. ಬಟ್ಟಲನ್ನು ಎಂದೂ ತುಂಬಿಸಬಾರದು. ಅರ್ಧ ಸುರಿದರೆ ಇನ್ನೂ ಕೂತಿರಿ, ಮತ್ತೆ ಕೊಡುತ್ತೇನೆ ಎಂದರ್ಥ. ತುಂಬಿ ಕೊಟ್ಟರೆ ಕುಡಿದು ಹೊರಡಿ ಎಂದರ್ಥ. ಹದಿನೈದು ವರ್ಷದಿಂದ ಅವಳ ಕೈ ಅದನ್ನು ತಾನಾಗಿ ಮಾಡುತ್ತ ಬಂದಿತ್ತು. ಅವಳು ನೀಲಿ ಹೂವಿನ ಚಹಾ ಬಟ್ಟಲೊಂದನ್ನು ತೆಗೆದು, ಅದೇ ಎಂಬತ್ತು ಗ್ರಾಮನ್ನು ಅದಕ್ಕೆ ಹಾಕಿದಳು. ಅರ್ಧ ಬಟ್ಟಲಾಯಿತು. ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಎದೆಗೊತ್ತಿ, ಹಿರಿಯರಿಗೆ ಚಹಾ ಕೊಡುವಂತೆ ಬಾಗಿ ಕೊಟ್ಟಳು.

ಉಲ್ಬೋಸಿನ್ ತೆಗೆದುಕೊಂಡಳು. ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು.

"ಹ್ಞಾ," ಎಂದಳು. "ಹೀಗೆ ಕೊಡು."

ಮುಂದಿನ ಶುಕ್ರವಾರ ಮುಳ್ಳು ನೂರಕ್ಕೆ ಬಂತು. ಅದರ ಮುಂದಿನ ಶುಕ್ರವಾರ ತೊಂಬತ್ತೊಂಬತ್ತೂ ಚಿಲ್ಲರೆ. ಕರೆ ಬಂದ ಮನೆಗಳಿಗೆಲ್ಲ ಉಲ್ಬೋಸಿನ್ ಹೋದಳು. ರೊಟ್ಟಿಯ ಅಂಚನ್ನು ಉಗುರಷ್ಟು ಚಿವುಟಿ ಬಾಯಿಗಿಟ್ಟು, ಉಳಿದದ್ದಕ್ಕೆಲ್ಲ ಹಾರೈಕೆಯನ್ನು ಉದ್ದ ಮಾಡಿದಳು. ಹರಸುತ್ತಿರುವವಳ ಬಾಯಿಗೆ ಯಾರೂ ಬಾವುರ್ಸಾಕ್ ತುರುಕಲಾರರು ಎಂಬುದು ಅವಳು ಕಂಡುಕೊಂಡ ಉಪಾಯ. ಸಾರ್ಕಿತ್ ಬಂದ ದಿನ ಅದನ್ನು ಇಂಜುವಿನ ಕೈಯಲ್ಲಿ ಬೀದಿಯ ಮಕ್ಕಳಿಗೆ ಹಂಚಿಸಿದಳು.

ಎಲ್ಲವೂ ನೆಟ್ಟಗೆ ಹೋಯಿತೆಂದಲ್ಲ. ಆಗಸ್ಟಿನಲ್ಲಿ ಕರ್ಬೂಜದ ಸುಗ್ಗಿ ಬಂತು. ಬೆಳಿಗ್ಗೆ ಒಂದು, ರಾತ್ರಿ ಒಂದು ಕೊಯ್ದು, ಇದು ಬರೀ ನೀರು ಎಂದು ಸಾಕೆನ್ ಅಮ್ಮನ ಮುಂದಿಟ್ಟ. ಆ ವಾರ ತೂಕ ಕದಲಲಿಲ್ಲ. ಗೌಹಾರ್ ಗಂಡನ ಮೇಲೆ ರೇಗಿದಳು. ಆಗ ಮಾತ್ರ ಅವನ ಫೋನು ಬಡಿದುಕೊಳ್ಳಲಿಲ್ಲ.

"ನಾನೊಬ್ಬಳೇ ಕೆಟ್ಟವಳಾಗ್ಬೇಕಾ ಈ ಮನೇಲಿ? ಕೊಡೋದೆಲ್ಲ ನೀವು, ಬೇಡ ಅನ್ನೋದೆಲ್ಲ ನಾನು."

"ಅಮ್ಮ ಕೇಳಿದ್ರು, ಕೊಯ್ದೆ."

"ನಾನು ಕೇಳಿದ್ದೆ ಅಂತ ಇವನಿಗೆ ಹೇಗೆ ಗೊತ್ತು? ನಾನು ಕರ್ಬೂಜದ ಬಗ್ಗೆ ಮಾತಾಡ್ತಿದ್ದೆ ಅಷ್ಟೆ," ಎಂದಳು ಉಲ್ಬೋಸಿನ್.

ಆಗಸ್ಟ್ ಕೊನೆಯಲ್ಲಿ ಬಾಲ್ಜಾನ್ ಮಗಳ ಬೀಳ್ಕೊಡುಗೆ ಔತಣ. ಮದುವೆಗೆ ಮುಂಚೆ ಹೆಣ್ಣಿನ ಮನೆಯವರು ಮಾಡುವ ಊಟ. ತುರ್ಕಿಸ್ತಾನ್‌ನ ಛತ್ರವೊಂದರಲ್ಲಿ ಇನ್ನೂರು ಜನ. ವಧುವಿನ ಅಜ್ಜಿಯೆಂದು ಉಲ್ಬೋಸಿನ್‌ಗೆ ಎಲ್ಲರಿಗಿಂತ ಮೇಲಿನ ಸ್ಥಾನ. ಅವಳ ಮುಂದೆ ತಟ್ಟೆಗಳು ಒಂದರ ಮೇಲೊಂದು ಬಂದವು. ಉಲ್ಬೋಸಿನ್ ಎರಡು ತುಂಡು ಮಾಂಸ, ಸ್ವಲ್ಪ ಸೊಪ್ಪು ತಿಂದಳು. ರೊಟ್ಟಿಯ ಚೂರೊಂದನ್ನು ಬಾಯಿಗಿಟ್ಟಳು. ಕೈ ಒರೆಸಿಕೊಂಡಳು.

ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಗೌಹಾರ್‌ಗೆ ಕೇಳುವಷ್ಟು ಗಟ್ಟಿಯಾಗಿಯೇ ಪಿಸುಗುಟ್ಟಿದಳು. "ಪಾಪ, ಸೊಸೆ ಎದುರಿಗೆ ಕೂತಿದ್ದಾಳೆ, ಹೆದರಿಕೆ."

ಬಾಲ್ಜಾನ್ ಸ್ವತಃ ಕಾಝಿಯ ತಟ್ಟೆ ಹಿಡಿದು ಬಂದಳು. "ಅಮ್ಮ, ಇವತ್ತೊಂದು ದಿನ ಯಾರ ಮಾತೂ ಕೇಳ್ಬೇಡ. ತಿನ್ನು. ಕನ್ನಡಿ ನೋಡ್ಕೊಂಡಿದ್ದೀಯಾ? ಕೆನ್ನೆ ಒಳಗೆ ಹೋಗಿವೆ. ಅಪ್ಪಂಗೆ ಆ ವರ್ಷ ಹೀಗೇ..." ಎಂದವಳು ತಟ್ಟೆಯನ್ನು ಇನ್ನಷ್ಟು ಮುಂದೆ ಚಾಚಿದಳು. "ಅಪ್ಪನೂ ಹೀಗೇ ಇಳೀತಾ ಹೋದ್ರು. ನಾವು ನೋಡ್ತಾನೇ ಇದ್ವಿ."

ಗೌಹಾರ್ ಆ ಕ್ಷಣದವರೆಗೆ ಅತ್ತಿಗೆಯನ್ನು ಬಾಯಿಬಡುಕಿ ಎಂದಷ್ಟೇ ತಿಳಿದಿದ್ದಳು. ಹೊಟ್ಟೆಯ ಕಾಯಿಲೆಯಲ್ಲಿ ತೀರಿಹೋದ ಮಾವನನ್ನು ಅವಳು ಫೋಟೋದಲ್ಲಿ ಮಾತ್ರ ಕಂಡವಳು.

ಉಲ್ಬೋಸಿನ್ ಮಗಳ ಕೈಯಿಂದ ತಟ್ಟೆ ತೆಗೆದು ಕೆಳಗಿಟ್ಟು, ಆ ಕೈಯನ್ನು ಹಿಡಿದುಕೊಂಡಳು.

"ನಿಮ್ಮಪ್ಪಂಗೆ ತಿನ್ನೋಕೆ ಆಗ್ತಿರಲಿಲ್ಲ. ನಂಗೆ ಆಗುತ್ತೆ, ನಾನು ತಿಂತಿಲ್ಲ. ಎರಡೂ ಬೇರೆ ಬೇರೆ ಬಾಲ್ಜಾನ್. ಹೆದರ್ಕೋಬೇಡ." ಆಮೇಲೆ ಪಿಸುಗುಟ್ಟಿದ ಮುದುಕಿಯ ಕಡೆ ತಿರುಗಿದಳು. ಮೂವತ್ತು ವರ್ಷ ಗಾಜಿನ ಹಿಂದಿನಿಂದ ಸಾಲಿನ ಕೊನೆಯವರಿಗೂ ಮುಟ್ಟುವಂತೆ ಮಾತಾಡಿದ ಗಂಟಲು ಅದು. "ಸೊಸೆ ಉಪವಾಸ ಕೆಡವಿದ್ದಾಳೆ ಅನ್ನೋರು ಇಲ್ಲೇ ಕೇಳಿ. ಆ ಹುಡುಗಿ ನಂಗೆ ದಿನಾ ಸಂಜೆ, ಒಂದು ದಿನ ತಪ್ಪದೆ, ಬಾಗಿ ನಿಂತು ಐಸ್‌ಕ್ರೀಮ್ ಕೊಡ್ತಾಳೆ. ಪ್ಲೊಂಬೀರ್! ನಿಮ್ಮಲ್ಲಿ ಯಾರ ಸೊಸೆ ಕೊಡ್ತಾಳೆ? ಕೈ ಎತ್ತಿ."

ಯಾರೂ ಎತ್ತಲಿಲ್ಲ. ಹಿಂದಿನ ಸಾಲಿನಲ್ಲಿ ಯಾವುದೋ ಸೊಸೆ ನಕ್ಕುಬಿಟ್ಟಳು, ಅವಳ ಅತ್ತೆ ಅವಳತ್ತ ತಿರುಗಿ ನೋಡಿದಳು.

ಗೌಹಾರ್ ತಲೆ ತಗ್ಗಿಸಿ ಚಹಾ ಸುರಿಯತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಬಾಲ್ಜಾನ್ ಬಂದು ಪಕ್ಕದಲ್ಲಿ ಕೂತು, ಸುರಿದಿಟ್ಟ ಬಟ್ಟಲುಗಳನ್ನು ದಾಟಿಸಲು ನೆರವಾದಳು. ಕ್ಷಮಿಸು ಎನ್ನಲಿಲ್ಲ.

"ಅಮ್ಮಂಗೆ ರಾತ್ರಿ ಸೂಪು ಕೊಡ್ತೀಯಲ್ಲ," ಎಂದಳು. "ಅದಕ್ಕೆ ಒಂಚೂರು ಮಾಂಸಾನೂ ಹಾಕು. ಬರೀ ಕ್ಯಾರೆಟ್ ಬೇಡ."

"ಹಾಕ್ತಿದೀನಿ ಅತ್ತಿಗೆ. ಜುಲೈಯಿಂದಾನೇ."

"ಹಾಗಿದ್ರೆ ಸರಿ."

ಸೆಪ್ಟೆಂಬರ್ ಒಂದಕ್ಕೆ ಶಾಲೆ ಶುರುವಾಯಿತು. ಐದು ಗಂಟೆಯ ಬಟ್ಟಲು ಇಂಜುವಿನ ಪಾಲಿಗೆ ಬಂತು. ಮೊದಲ ದಿನ ಅವಳು ಪ್ರೀತಿಯಿಂದ ಅಂಚಿನವರೆಗೂ ತುಂಬಿಸಿದಳು. ಗೌಹಾರ್ ಶಾಲೆಯಿಂದ ಬಂದಾಗ ಬಟ್ಟಲು ಕರಗಿ ಹಾಲಾಗಿ ಹಾಗೇ ಕೂತಿತ್ತು.

"ನಿನ್ನ ಮಗಳು ನನ್ನ ಮನೆಯಿಂದಲೇ ನನ್ನನ್ನ ಎಬ್ಬಿಸಿ ಕಳಿಸ್ತಿದಾಳೆ," ಎಂದು ಅತ್ತೆ ದೂರು ಕೊಟ್ಟಳು.

ತಪಾಸಣೆಗೆ ಹೋಗುವ ಬೆಳಿಗ್ಗೆ ಮನೆಯ ಯಂತ್ರ ತೊಂಬತ್ತೈದೂವರೆ ತೋರಿಸಿತು. ಉಲ್ಬೋಸಿನ್ ಚಹಾ ಕೂಡ ಕುಡಿಯಲಿಲ್ಲ. ಬೆಳ್ಳಿಯ ಬಳೆ ಬಿಚ್ಚಿಟ್ಟಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಯುವಾಗ ಗೌಹಾರ್ ಬೆಂಚಿನ ಅಂಚನ್ನು ಹಿಡಿದುಕೊಂಡೇ ಕೂತಿದ್ದಳು. ಅರ್ಧ ಕಿಲೋಗೆ ಸರದಿ ತಪ್ಪಿದರೆ ತಪ್ಪು ತನ್ನದೇ. ದಿನಾ ಆ ಬಟ್ಟಲು ಕೊಡಲು ಒಪ್ಪಿದವಳು ತಾನು.

"ಅತ್ತೆ, ಕೊನೆಯ ವಾರ ಆದ್ರೂ ಐಸ್‌ಕ್ರೀಮ್ ನಿಲ್ಲಿಸ್ಬೇಕಿತ್ತೇನೋ."

"ನಿಲ್ಲಿಸಿದ್ರೆ ನಾನು ಕರ್ಬೂಜದ ಅಂಗಡಿಗೆ ನಡೆದುಬಿಡ್ತಿದ್ದೆ, ಈ ಕಾಲಲ್ಲೇ. ಸುಮ್ನಿರು."

ಒಳಗೆ ನರ್ಸು ತೂಕದ ಯಂತ್ರದ ಮೇಲೆ ನಿಲ್ಲಲು ಹೇಳಿದಳು. ಉಲ್ಬೋಸಿನ್ ಚಪ್ಪಲಿ, ಹೆಗಲ ಶಾಲು, ಊರುಗೋಲು ಎಲ್ಲ ಸೊಸೆಗೆ ಕೊಟ್ಟು, ಗೋಡೆಯ ಕಡೆ ಮುಖ ಮಾಡಿ ನಿಂತಳು. ನರ್ಸು ಸಣ್ಣ ತೂಕವನ್ನು ಬೆರಳಿನಿಂದ ಆಚೆ ಈಚೆ ತಳ್ಳಿದಳು. ಸಲಾಕೆ ಅಲುಗಾಡಿ ನಿಂತಿತು.

"ತೊಂಬತ್ತನಾಲ್ಕು ಪಾಯಿಂಟ್ ಎಂಟು."

ಡಾಕ್ಟರು ಕಡತ ತಿರುವಿ, ಜೂನಿನ ಅಂಕಿ ನೋಡಿ, ಉಲ್ಬೋಸಿನ್‌ಳನ್ನು ನೋಡಿದರು. ರಕ್ತ ಪರೀಕ್ಷೆಯ ಫಲಿತಾಂಶವೂ ಜೂನಿಗಿಂತ ಚೆನ್ನಾಗಿತ್ತು. ನವೆಂಬರ್ ಹನ್ನೆರಡಕ್ಕೆ ಬಂದು ದಾಖಲಾಗಿ ಎಂದು ಬರೆದರು. ಅಲ್ಲಿಯವರೆಗೆ ತೂಕ ಏರಬಾರದು ಎಂದೂ ಹೇಳಿದರು.

"ಹೇಗೆ ಇಳಿಸಿದ್ರಿ ಅಮ್ಮ? ಬಹಳ ಜನಕ್ಕೆ ಇದು ಆಗಲ್ಲ."

"ನನ್ನ ಸೊಸೆ ದಿನಾ ಐಸ್‌ಕ್ರೀಮ್ ತಿನ್ನಿಸ್ತಾಳೆ."

ಡಾಕ್ಟರು ಕನ್ನಡಕದ ಮೇಲಿನಿಂದ ಗೌಹಾರ್‌ಳನ್ನು ದಿಟ್ಟಿಸಿದರು. ಗೌಹಾರ್ ಕೆಂಪಾಗಿ, ಎಂಬತ್ತು ಗ್ರಾಮಿನಿಂದ ಶುರುಮಾಡಿ, ಚಹಾದ ಸಕ್ಕರೆ, ಬಾವುರ್ಸಾಕ್, ಮೂರು ಮನೆಯ ಕಥೆಯವರೆಗೆ ವಿವರಿಸಿದಳು. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು.

"ನಮ್ಮಮ್ಮನೂ ಏನೂ ತಿನ್ನಲ್ಲ," ಎಂದರು ಕೊನೆಗೆ. "ನೂರಾ ಹತ್ತು ಕಿಲೋ ಇದ್ದಾರೆ. ಇವತ್ತು ಹೋಗಿ ಕೇಳ್ತೀನಿ."

ಹೊರಗೆ ಬಂದಾಗ ಬಿಸಿಲು ಮೆತ್ತಗಾಗಿತ್ತು. ಆಸ್ಪತ್ರೆಯ ಮುಂದಿನ ಮೆಟ್ಟಿಲುಗಳ ಬಳಿ ಗೌಹಾರ್ ಅಭ್ಯಾಸದಂತೆ ತೋಳು ಚಾಚಿದಳು. ಉಲ್ಬೋಸಿನ್ ಅದನ್ನು ತಳ್ಳಿ, ಪಕ್ಕದ ಕಂಬಿ ಹಿಡಿದು ಒಂದು ಮೆಟ್ಟಿಲು ಇಳಿದಳು. ಎರಡನೆಯದನ್ನೂ ಇಳಿದಳು. ಮೂರನೆಯದಕ್ಕೆ ನಿಂತು, ಹಲ್ಲು ಕಚ್ಚಿ, ಕೈ ಮುಂದೆ ಮಾಡಿದಳು.

"ಕೊಡು ಕೈ. ನವೆಂಬರ್‌ವರೆಗೆ ಮಾತ್ರ."

"ಆಮೇಲೆ?"

"ಆಮೇಲೆ ಹಿಂದೆ ಬೀಳೋಳು ನೀನು. ಈಗ್ಲೇ ಹೇಳಿರ್ತೀನಿ, ನಾನು ನಿಂತು ಕಾಯಲ್ಲ."